ತಿರುಗುವ ಕೋಳಿಯ ಹೋಟೆಲ್‌ಗೆ ಮೊದಲ ಸಲ ಹೋಗುವಾಗ

ಬೀದಿ ಕೊನೆಯಲ್ಲಿ ಹೊಸ ರೋಟಿಸರಿ ಚಿಕನ್ ಹೋಟೆಲ್, ಅಂದರೆ ಇಡೀ ಕೋಳಿಯನ್ನು ಕಂಬಿಗೆ ಚುಚ್ಚಿ ಬೆಂಕಿಯ ಮುಂದೆ ತಿರುಗಿಸುತ್ತಾ ಬೇಯಿಸುವ ಹೋಟೆಲ್, ಶುರುವಾಗಿದೆಯಾ? ಮೊದಲ ದಿನವೇ ಓಡಬೇಡಿ. ಒಂದು ವಾರ ಬಿಡಿ, ಅವರ ಕೈ ಪಳಗಲಿ.

ನಾನಂತೂ ಒಳಗೆ ಹೋದ ಕೂಡಲೇ ಮೆನು ನೋಡುವುದಿಲ್ಲ, ಕಂಬಿ ನೋಡುತ್ತೇನೆ. ಕೋಳಿ ತಿರುಗುತ್ತಿದ್ದಂತೆ ಅದರದೇ ಕೊಬ್ಬು ಕರಗಿ ಮೈಮೇಲೆಲ್ಲ ಹರಿಯುತ್ತದೆ. ಅದು ಒಣಗದೆ ಬೇಯುವುದು ಹಾಗೆ. ಚರ್ಮ ಜೇನುಬಣ್ಣಕ್ಕೆ ತಿರುಗಿ, ಬಿಗಿಯಾಗಿ ಹೊಳೆಯುತ್ತಿರಬೇಕು. ಸುಕ್ಕುಗಟ್ಟಿದ್ದರೆ ಬೆಂದು ಎಷ್ಟೋ ಹೊತ್ತಾಗಿದೆ, ಸುಮ್ನೆ ಬಿಸಿಯಲ್ಲಿ ಇಟ್ಟಿದ್ದಾರೆ ಅಂತ ಲೆಕ್ಕ. ‘ಮುಂದಿನದು ಯಾವಾಗ ಇಳಿಸ್ತೀರಿ?’ ಅಂತ ಕೇಳಿ. ಕಾಲು ಗಂಟೆ ಕಾದರೂ ನಷ್ಟವಿಲ್ಲ.

ಮೊದಲ ಸಲ ಅರ್ಧ ಕೋಳಿ ಸಾಕು. ಎದೆ, ತೊಡೆ ಎರಡೂ ಸಿಗುತ್ತವೆ ಅಲ್ವಾ. ಎದೆಯ ತುಂಡನ್ನೇ ಮೊದಲು ತಿನ್ನಿ, ಸಾಸ್ ಮುಟ್ಟಿಸದೆ. ತೊಡೆಯಲ್ಲಿ ಕೊಬ್ಬು ಜಾಸ್ತಿ, ಹೇಗೆ ಬೇಯಿಸಿದರೂ ಪಾರಾಗುತ್ತದೆ. ಅಡುಗೆಯವರ ಕೈಗುಣ ಗೊತ್ತಾಗುವುದು ಎದೆಯಲ್ಲೇ. ಕಿತ್ತರೆ ಎಳೆಎಳೆಯಾಗಿ ಬಿಡಬೇಕು, ಬೆರಳು ಒದ್ದೆಯಾಗಬೇಕು. ಮೂಳೆ ಪಕ್ಕ ಸ್ವಲ್ಪ ಗುಲಾಬಿ ಬಣ್ಣ ಕಂಡರೆ ಗಾಬರಿ ಬೇಡ, ಎಳೆ ಕೋಳಿಯಲ್ಲಿ ಬೆಂದ ಮೇಲೂ ಹಾಗಿರಬಹುದು. ಆದರೆ ಮಾಂಸವೇ ಹಸಿಹಸಿಯಾಗಿದ್ದರೆ ಸಂಕೋಚವಿಲ್ಲದೆ ವಾಪಸ್ ಕೊಡಿ. ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಲೇಬೇಕು.

ಪಾರ್ಸೆಲ್ ತಂದರೆ ಮುಚ್ಚಳ ಸ್ವಲ್ಪ ಸರಿಸಿಡಿ. ನಾನೊಮ್ಮೆ ಬಿಗಿಯಾಗಿ ಕಟ್ಟಿಸಿಕೊಂಡು ಬಂದೆ. ಮನೆ ಮುಟ್ಟುವಷ್ಟರಲ್ಲಿ ಗರಿಗರಿ ಚರ್ಮ ನೆನೆದ ಕಾಗದದಂತಾಗಿತ್ತು! ಉಳಿದಿದ್ದನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂಳೆ ಎಸೆಯಬೇಡಿ, ಮರುದಿನದ ಸೂಪ್‌ಗೆ ಆಗುತ್ತದೆ.