ಘಾಟಿಯಲ್ಲಿ ಕೇಳಿದ ಟಕ್ ಟಕ್: ಹಳೇ ಲಾರಿಯ ಮ್ಯಾನಿಫೋಲ್ಡ್ ಸೋರಿಕೆ ನಾನು ನಿಲ್ಲಿಸಿದ ಬಗೆ

ಕುಮಟಾ ಕಡೆಯಿಂದ ಚಿರೆಕಲ್ಲು ತುಂಬಿಕೊಂಡು ಶಿರಸಿಗೆ ಹತ್ತುವುದು ನನ್ನ ಗಾಡಿಯ ಕಸುಬು. ಕತಗಾಲ ದಾಟಿ ದೇವಿಮನೆ ಘಾಟಿ ಶುರುವಾದರೆ ಎರಡನೇ ಗೇರು, ಕೆಲವು ತಿರುವಿನಲ್ಲಿ ಒಂದನೇದು. ಟರ್ಬೊ ಇಲ್ಲದ ಆರು ಸಿಲಿಂಡರಿನ ಡೀಸೆಲ್ ಇಂಜಿನ್, ನನ್ನ ಮಗನಿಗಿಂತ ವಯಸ್ಸಿನಲ್ಲಿ ದೊಡ್ಡದು. ಒಂದು ಮಳೆಗಾಲದ ಕೊನೆಗೆ ಅದು ಟಕ್ ಟಕ್ ಅನ್ನತೊಡಗಿತು.

ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸಡಿಲವಾಗಿದೆ ಅಂತ ಒಬ್ಬ ಮೇಸ್ತ್ರಿ ಅರ್ಧ ದಿನ ಕೂತು ಹೊಂದಿಸಿಕೊಟ್ಟ. ಶಬ್ದ ಹಾಗೇ ಉಳಿಯಿತು, ಕೂಲಿ ಮಾತ್ರ ಹೋಯಿತು. ಆಮೇಲೆ ನಾನೇ ಕಿವಿಗೊಟ್ಟು ಗಮನಿಸಿದೆ. ಬೆಳಿಗ್ಗೆ ತಣ್ಣಗಿರುವಾಗ ಜೋರು, ಹತ್ತು ಕಿಲೋಮೀಟರ್ ಓಡಿದ ಮೇಲೆ ಕಡಿಮೆ, ಲೋಡಿನಲ್ಲಿ ಏರು ಹತ್ತುವಾಗ ಮತ್ತೆ ಜೋರು. ಟ್ಯಾಪೆಟ್ ಹೀಗೆ ಲೋಡ್ ನೋಡಿ ದನಿ ಬದಲಿಸುವುದಿಲ್ಲ. ಅಷ್ಟರಲ್ಲಿ ಕ್ಲೀನರ್ ಹುಡುಗ, "ಅಣ್ಣಾ, ಕ್ಯಾಬಿನ್ನಲ್ಲಿ ಕೂತರೆ ಕಣ್ಣು ಉರೀತದೆ" ಅಂದ. ಅಲ್ಲಿಗೆ ಅನುಮಾನ ಉಳಿಯಲಿಲ್ಲ: ಸೋರುತ್ತಿರುವುದು ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರ್ ಪೈಪಿಗೆ ಒಯ್ಯುವ ಕೊಳವೆ.

ಖಾತ್ರಿ ಮಾಡಿಕೊಳ್ಳಲು ಸೋಪಿನ ನೀರು ಸಾಕು. ಇಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ಡು (ಸಿಲಿಂಡರುಗಳ ಮೇಲಿನ ಮುಚ್ಚಳ) ಮತ್ತು ಮ್ಯಾನಿಫೋಲ್ಡ್ ಕೂಡುವ ಜಾಗಕ್ಕೆ ಬ್ರಷ್ಷಿನಲ್ಲಿ ಹಚ್ಚಿ, ಸ್ಟಾರ್ಟ್ ಮಾಡಿ, ಹುಡುಗನಿಗೆ ಸೈಲೆನ್ಸರ್ ಬಾಯಿಗೆ ಒದ್ದೆ ಗೋಣಿಚೀಲ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿ ಅಂದೆ. ಆರನೇ ಪೋರ್ಟಿನ, ಅಂದರೆ ಆರನೇ ಸಿಲಿಂಡರಿನ ಹೊಗೆ ಹೊರಬರುವ ಬಾಯಿಯ, ಹತ್ತಿರ ನೊರೆ ಎದ್ದಿತು. ಅಲ್ಲಿ ಮಸಿ ಕೂಡ ಬೀಸಣಿಗೆ ಹರಡಿದ ಹಾಗೆ ಅಂಟಿತ್ತು.

ಮೊದಲು ಎಲ್ಲರ ಹಾಗೆ ನಾನೂ ಅಂಟಿನ ಹಿಂದೆ ಬಿದ್ದೆ. ನೀರಿನ ಪೈಪಿಗೆ ಹಚ್ಚುವ, ಎರಡು ಉಂಡೆ ಕಲಸಿ ಮೆತ್ತುವ ಅಂಟು ಒಂದೇ ಟ್ರಿಪ್ಪಿಗೆ ಸುಟ್ಟು ಉದುರಿತು. ಕೆಂಪು ಸಿಲಿಕೋನ್ ಅಂಟು ಸುಮಾರು 300 ಡಿಗ್ರಿಯವರೆಗೆ ತಡೆದೀತು, ಆದರೆ ಘಾಟಿ ಹತ್ತುವ ಡೀಸೆಲ್ ಇಂಜಿನ್ನಿನ ಹೊಗೆ 500 ಡಿಗ್ರಿ ದಾಟುತ್ತದೆ. ಸೈಲೆನ್ಸರಿಗೇ ಅಂತ ಬರುವ ಬೂದುಬಣ್ಣದ ಪೇಸ್ಟ್ ಸ್ವಲ್ಪ ಮೇಲು, ನನಗೆ ಮೂರು ವಾರ ಬಂತು. ಆದರೆ ಅದು ಗಟ್ಟಿಯಾದ ಮೇಲೆ ಕಲ್ಲಿನ ಹಾಗೆ, ಬಗ್ಗುವುದಿಲ್ಲ. ಮ್ಯಾನಿಫೋಲ್ಡ್ ಅಲುಗಾಡಿದರೆ ಬಿರಿಯುತ್ತದೆ.

ಮ್ಯಾನಿಫೋಲ್ಡ್ ಅಲುಗಾಡದೆ ಇರುವುದಿಲ್ಲ. ಮೂರು ಅಡಿ ಉದ್ದದ ಬೀಡು (ಎರಕದ ಕಬ್ಬಿಣ) 500 ಡಿಗ್ರಿ ಕಾದರೆ ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಹೆಡ್ಡಿಗೆ ನೀರಿನ ತಂಪು ಇರುವುದರಿಂದ ಅದು ಅಷ್ಟು ಬೆಳೆಯುವುದಿಲ್ಲ. ಎಳೆದಾಟವೆಲ್ಲ ಎರಡು ತುದಿಯ ಸ್ಟಡ್ಡುಗಳ (ಹೆಡ್ಡಿಗೆ ತಿರುಗಿಸಿ ಕೂರಿಸಿದ, ನಟ್ ಬಿಗಿಯುವ ಕಡ್ಡಿಗಳ) ಮೇಲೆ. ಅದಕ್ಕೇ ಮುರಿಯುವುದು ಹೆಚ್ಚಾಗಿ ತುದಿಯದ್ದೇ. ನನ್ನದರಲ್ಲೂ ಆರನೇ ಪೋರ್ಟಿನ ಕೆಳಗಿನ ಸ್ಟಡ್ ಮುರಿದು ಒಳಗೇ ಕೂತಿತ್ತು. ಮೇಲೆ ಎಷ್ಟು ಪೇಸ್ಟ್ ಮೆತ್ತಿದರೇನು!

ಹೊಸ ಮ್ಯಾನಿಫೋಲ್ಡ್ ಸಿಗಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ನನ್ನದಕ್ಕಿಂತ ಹೆಚ್ಚು ಸೊಟ್ಟಗಿತ್ತು. ಸರಿ, ಇದ್ದದ್ದನ್ನೇ ಬಿಚ್ಚುವುದು ಅಂತಾಯಿತು.

ಬಿಚ್ಚುವ ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ಸೀಮೆಎಣ್ಣೆ, ಇಂಜಿನ್ ಆಯಿಲ್ ಬೆರೆಸಿ ಬಿಟ್ಟಿದ್ದೆ. ಆದರೂ ಇನ್ನೊಂದು ಸ್ಟಡ್ ಕಟ್ಟಾಯಿತು. ಅವಸರ ನನ್ನದೇ. ಒಂದೇ ಕಡೆ ತಿರುಗಿಸಬಾರದು, ಕಾಲು ಸುತ್ತು ಬಿಚ್ಚಿ ಮತ್ತೆ ಸ್ವಲ್ಪ ಹಿಂದಕ್ಕೆ, ಹೀಗೆ ಆಡಿಸುತ್ತ ತೆಗೆಯಬೇಕಿತ್ತು.

ಮುರಿದ ಎರಡು ಸ್ಟಡ್ ತೆಗೆಯುವುದೇ ದೊಡ್ಡ ಕೆಲಸ. ಡ್ರಿಲ್ ಹಾಕಿದರೆ ಬಿಟ್ ಜಾರಿ ಹೆಡ್ಡಿನ ಮರೆ (ಸ್ಟಡ್ ತಿರುಗಿ ಕೂರುವ ಸುರುಳಿ ಗೆರೆ) ಹಾಳಾಗುವ ಭಯ. ವೆಲ್ಡಿಂಗಿನವನನ್ನು ಗಾಡಿ ಹತ್ತಿರವೇ ಕರೆಸಿದೆ. ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿ ಮೊದಲೇ ಬಿಚ್ಚಿಟ್ಟೆ, ಡೀಸೆಲ್ ಪೈಪಿಗೆ ಒದ್ದೆ ಗೋಣಿ ಹೊದಿಸಿದೆ. ಮುರಿದ ತುಂಡಿನ ಮೇಲೆ ನಟ್ ಇಟ್ಟು, ಅದರ ತೂತಿನೊಳಗಿಂದ ವೆಲ್ಡ್ ತುಂಬಿಸಿ, ಕೆಂಪು ಇಳಿದ ಕೂಡಲೇ ಬುಡಕ್ಕೆ ಮೇಣದಬತ್ತಿ ತಾಗಿಸಿದ. ಮೇಣ ಕರಗಿ ಒಳಗೆ ಇಳಿಯಿತು. ಒಂದು ಮೊದಲ ಸಲಕ್ಕೇ ತಿರುಗಿತು, ಇನ್ನೊಂದಕ್ಕೆ ನಾಲ್ಕು ನಟ್ ಖರ್ಚಾಯಿತು.

ತೊಳೆದು ನೋಡಿದರೆ ಐದು ಮತ್ತು ಆರನೇ ಪೋರ್ಟಿನ ನಡುವೆ ಕೂದಲೆಳೆಯಷ್ಟು ಬಿರುಕು. ಹೋಟೆಲ್ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಬಿಸಿ ಇಂಜಿನ್ನಿಗೆ ಪೈಪಿನಲ್ಲಿ ನೀರು ಹೊಡೆಯುವ ನಮ್ಮ ಹುಡುಗನ ಚಾಳಿ ನೆನಪಾಯಿತು. ಅವನಿಗೆ ಹೇಳಿದ್ದೇನೋ ಹೇಳಿದೆ, ಅದಿರಲಿ. ಬೀಡನ್ನು ಸಾದಾ ರಾಡಿನಲ್ಲಿ ವೆಲ್ಡ್ ಮಾಡಿದರೆ ಆರುವಾಗ ಪಕ್ಕದಲ್ಲೇ ಟಣ್ ಅಂತ ಒಡೆಯುತ್ತದೆ, ಹಿಂದೆ ಒಂದು ಬ್ರಾಕೆಟ್ಟಿನಲ್ಲಿ ಕಲಿತ ಪಾಠ. ಈ ಸಲ ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರ್ ತೂತು ಕೊರೆಸಿದೆ, ಬಿರುಕು ಮುಂದೆ ಓಡದಿರಲಿ ಅಂತ. ಕಮ್ಮಾರನ ಕುಲುಮೆಯಲ್ಲಿ ಇಡೀ ತುಂಡನ್ನು ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಒಂದೊಂದು ಇಂಚು ಹಾಕಿ, ಪ್ರತಿ ಸಲ ಸುತ್ತಿಗೆಯಲ್ಲಿ ಮೆತ್ತಗೆ ಬಡಿದೆವು. ಆಮೇಲೆ ಅಕ್ಕಿ ಗಿರಣಿಯಿಂದ ತಂದ ಹೊಟ್ಟಿನ ಬೂದಿಯಲ್ಲಿ ಹುಗಿದಿಟ್ಟೆವು. ಮಾರನೇ ದಿನ ಮಧ್ಯಾಹ್ನ ತೆಗೆದಾಗಲೂ ಒಳಗೆ ಬೆಚ್ಚಗಿತ್ತು.

ಇನ್ನು ಸೊಟ್ಟ. ಹಳೇ ಟೀಪಾಯಿಯ ದಪ್ಪ ಗಾಜಿನ ಮೇಲೆ ಮ್ಯಾನಿಫೋಲ್ಡ್ ಬೋರಲು ಹಾಕಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿದರೆ ಆರನೇ ಪೋರ್ಟಿನಲ್ಲಿ 0.6 ಮಿಲಿಮೀಟರ್ ಸಂದು. ಚೂರುಪಾರು ಇದ್ದರೆ ಗಾಜಿಗೆ ಪಾಲಿಶ್ ಪೇಪರ್ ಅಂಟಿಸಿ ಕೈಯಲ್ಲೇ ಉಜ್ಜಬಹುದು. ಇಷ್ಟಕ್ಕೆ ತೋಳು ಬೀಳುತ್ತದೆ. ಹುಬ್ಬಳ್ಳಿಗೆ ಕಳಿಸಿ ಹೆಡ್ ಗ್ರೈಂಡಿಂಗ್ ಮಾಡುವಲ್ಲಿ ಮಟ್ಟ ಮಾಡಿಸಿದೆ. ಇಡೀ ಕೆಲಸದಲ್ಲಿ ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇದೊಂದೇ. ಮುಂಚೆಯೇ ಮಾಡಿಸಿದ್ದರೆ ಪೇಸ್ಟಿನ ಟ್ಯೂಬುಗಳೆಲ್ಲ ಉಳಿಯುತ್ತಿದ್ದವು.

ತುದಿಯ ನಾಲ್ಕು ತೂತುಗಳನ್ನು ಸ್ವಲ್ಪ ಅಗಲ ಮಾಡಿಸಿದೆ, ಬೆಳೆಯುವ ಬೀಡಿಗೆ ಜಾರಲು ಜಾಗ ಬೇಕಲ್ಲ. ಹೊಸ ಸ್ಟಡ್, ಸಂದು ಮುಚ್ಚಲು ನಡುವೆ ಕೂರಿಸುವ ಹೊಸ ಪ್ಯಾಕಿಂಗ್, ಕಚ್ಚಿಕೊಳ್ಳದ ತಾಮ್ರ ಲೇಪನದ ನಟ್. ಪ್ಯಾಕಿಂಗಿಗೆ ಏನೂ ಹಚ್ಚಲಿಲ್ಲ. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗುತ್ತ ಮೂರು ಸುತ್ತಿನಲ್ಲಿ ಬಿಗಿದೆ. ಒಂದು ಖಾಲಿ ಟ್ರಿಪ್ ಓಡಿಸಿ, ರಾತ್ರಿ ಪೂರ್ತಿ ಆರಲು ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ಪಾನಾ ಹಾಕಿದೆ. ಹನ್ನೆರಡರಲ್ಲಿ ಐದು ನಟ್ ತಿರುಗಿದವು.

ಸೋರುತ್ತಿರುವ ಗಾಡಿಯಲ್ಲಿ ಇಂಜಿನ್ ಚಾಲೂ ಇಟ್ಟು ಕ್ಯಾಬಿನ್ನಲ್ಲಿ ಮಲಗಬೇಡಿ. ಮಳೆಗೆ ಗಾಜು ಏರಿಸಿಕೊಂಡು ನಾವೂ ಮಲಗಿದ್ದೇವೆ, ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆ ಇಲ್ಲ.

ಈಗ ಎರಡು ಮಳೆಗಾಲ ಕಳೆದಿದೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆರನೇ ಪೋರ್ಟಿನಲ್ಲಿ ಒಂದೆರಡು ನಿಮಿಷ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ, ಚಾ ಕುಡಿದು ಬರುವಷ್ಟರಲ್ಲಿ ನಿಂತಿರುತ್ತದೆ. ಅದಕ್ಕೆ ನಾನು ಕೈ ಹಚ್ಚಿಲ್ಲ.