ಪಂಥ ಬಿಟ್ಟು ಪ್ರಶ್ನೆ ಹಿಡಿದೆ

"ಪದವಿ ಮಕ್ಕಳಿಗೆ ಅರ್ಥಶಾಸ್ತ್ರದಲ್ಲಿ ಇಷ್ಟೊಂದು ಚಿಂತನಾ ಪಂಥ ಯಾಕೆ? ಗೊಂದಲ ಆಗುತ್ತೆ, ಸಿಲಬಸ್ಸೂ ಮುಗಿಯಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ನಾಲ್ಕನೇ ವರ್ಷಕ್ಕೆ ಸಿಲಬಸ್ಸೂ ಮುಗಿಯಿತು, ಪಂಥಗಳೂ ತಲೆಗೆ ಹತ್ತಿದವು.

ಮೊದಲ ವರ್ಷ ವಾರಕ್ಕೊಂದು ಪಂಥ ಮಾಡಿದೆ. ರಿಕಾರ್ಡೊ, ಮಾರ್ಕ್ಸ್, ಮೆಂಗರ್, ಕೇನ್ಸ್, ಹೀಗೆ ಒಬ್ಬೊಬ್ಬ ಅರ್ಥಶಾಸ್ತ್ರಜ್ಞ ಸಾಲಾಗಿ. ಮೂಲ ಬರಹಗಳ ಜೆರಾಕ್ಸಿಗೆ, ಪುಸ್ತಕಗಳಿಗೆ ಸುಮಾರು ಅರ್ಧ ತಿಂಗಳ ಸಂಬಳ ಕೈಯಿಂದಲೇ ಹೋಯಿತು. ಪರೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ "ಅವರವರ ಕಾಲಕ್ಕೆ ಅವರವರು ಸರಿ" ಎಂದು ಬರೆದಿದ್ದರು. ತುಂಬಾ ಬೇಜಾರಾಯಿತು. ಎರಡನೇ ವರ್ಷ ಚರ್ಚಾಸ್ಪರ್ಧೆ ಇಟ್ಟೆ. ಅದು ಎಡ-ಬಲದ ಜಗಳವಾಗಿ ಹೋಯಿತು, ಅರ್ಥಶಾಸ್ತ್ರ ಅಲ್ಲಿ ಇರಲೇ ಇಲ್ಲ.

ಮೂರನೇ ವರ್ಷ ಪಂಥದಿಂದ ಶುರು ಮಾಡುವುದನ್ನೇ ಬಿಟ್ಟೆ. ಇಡೀ ಸೆಮಿಸ್ಟರಿಗೆ ಒಂದೇ ಪ್ರಶ್ನೆ: ಕನಿಷ್ಠ ಕೂಲಿ ಏರಿಸಿದರೆ ಕೆಲಸ ಹೋಗುತ್ತಾ? ಅರವತ್ತು ಚಿಲ್ಲರೆ ಮಕ್ಕಳು, ನಾಲ್ಕು ಗುಂಪು. ನವಸಂಪ್ರದಾಯದವರಿಗೆ (ನಿಯೋಕ್ಲಾಸಿಕಲ್, ಬೇಡಿಕೆ-ಪೂರೈಕೆ ಸೇರುವಲ್ಲಿ ಬೆಲೆ ನಿಲ್ಲುತ್ತದೆ ಅನ್ನುವವರು) ಕೂಲಿ ಅಂದರೆ ಬೆಲೆ, ಕೇನ್ಸ್ ಗುಂಪಿಗೆ ಸರಕು ಕೊಳ್ಳುವ ಬೇಡಿಕೆ, ಮಾರ್ಕ್ಸ್ ಗುಂಪಿಗೆ ಮಿಗುತಾಯ (ದುಡಿಮೆಯಿಂದ ಹುಟ್ಟಿದ ಮೌಲ್ಯದಲ್ಲಿ ಕೂಲಿ ಕಳೆದು ಮಾಲೀಕನಿಗೆ ಉಳಿಯುವುದು) ಎಷ್ಟೆಂದು ತೀರ್ಮಾನಿಸುವ ಗೆರೆ, ಬೆಲೆಯೇ ಮಾಹಿತಿ ಸಾಗಿಸುತ್ತದೆ ಎಂದ ಹಯೆಕ್‌ನ ಗುಂಪಿಗೆ ಮೇಲಿನಿಂದ ಹೇರಿದ ಸಂಕೇತ. ಪ್ರತಿ ಗುಂಪೂ ಒಂದೇ ಪುಟ ಬರೆಯಬೇಕು, ಕೊನೆಯ ಸಾಲಿನಲ್ಲಿ "ನಮ್ಮ ಪಂಥಕ್ಕೆ ಕಾಣದಿರುವುದು" ಇರಲೇಬೇಕು. ಆ ಸಾಲಿಗೇ ಜಾಸ್ತಿ ಅಂಕ ಇಟ್ಟೆ. ಆ ವರ್ಷ ಅಷ್ಟೇನೂ ಕೂಡಿ ಬರಲಿಲ್ಲ. ನಾಲ್ಕನೇ ವರ್ಷ ಅರ್ಧ ಸೆಮಿಸ್ಟರಿಗೆ ಗುಂಪುಗಳನ್ನು ಅದಲು ಬದಲು ಮಾಡಿದೆ. ಆಗ ಕೀಲಿ ತೆರೆಯಿತು. ಯಾರನ್ನು ಯಾವ ಗುಂಪಿಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಕೈಚಳಕ.

ನಡುವೆ ಒಂದು ದಿನ, ಕೊಳ್ಳುವವರಿಗೆ ಗರಿಷ್ಠ ಬೆಲೆ, ಮಾರುವವರಿಗೆ ಕನಿಷ್ಠ ಬೆಲೆ ಬರೆದ ಚೀಟಿ ಹಂಚಿ ಮಾರುಕಟ್ಟೆ ಆಟ ಆಡಿಸಿದೆ. ಅರ್ಥಶಾಸ್ತ್ರಜ್ಞರಾದ ಚೇಂಬರ್ಲಿನ್ 1948ರಲ್ಲಿ, ವರ್ನನ್ ಸ್ಮಿತ್ 1962ರಲ್ಲಿ ಪ್ರಕಟಿಸಿದ ಪ್ರಯೋಗಗಳ ಜಾತಿಯದು. ಮೂರನೇ ಸುತ್ತಿಗೆ ಬೆಲೆ ಹತ್ತಿರ ಹತ್ತಿರ ಒಂದೇ ಕಡೆ ಬಂದು ನಿಂತಿತು. ನವಸಂಪ್ರದಾಯದವರು "ಸಮತೋಲನ!" ಎಂದು ಕುಣಿದರು. ಹಯೆಕ್ ಗುಂಪು "ಯಾರಿಗೂ ಪೂರ್ತಿ ಗೊತ್ತಿರಲಿಲ್ಲ, ಆದರೂ ಬೆಲೆ ಹುಟ್ಟಿತು, ಇದು ನಮ್ಮದು" ಎಂದಿತು. ಹಿಂದಿನ ಬೆಂಚಿನಿಂದ ಮಾರ್ಕ್ಸ್ ಗುಂಪಿನ ಹುಡುಗ ಕೇಳಿದ: "ಮಾರುವವರ ಕೈಗೆ ಸರಕು ಬಂದದ್ದು ಹೇಗೆ ಮೇಡಂ?" ಇಡೀ ಕ್ಲಾಸು ಗಪ್‌ಚಿಪ್. ಆ ಮೌನಕ್ಕೆ ನಾನು ಮೂರು ವರ್ಷ ಕಾದಿದ್ದೆ.

ಕೊನೆಗೆ ಅಂಕಿಅಂಶ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲಿನಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಅಲ್ಲಿನ ಮತ್ತು ಕೂಲಿ ಏರದ ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ನೋಡಿ, ಕೆಲಸ ಕಡಿಮೆಯಾಗಲಿಲ್ಲ ಎಂದು 1994ರಲ್ಲಿ ಬರೆದರು. ಆಮೇಲೆ ನ್ಯೂಮಾರ್ಕ್ ಮತ್ತು ವಾಷರ್ ಸಂಬಳದ ದಾಖಲೆ ಹಿಡಿದು ಅದನ್ನು ಅಲ್ಲಗಳೆದರು. ಎರಡನ್ನೂ ಒಟ್ಟಿಗೆ ಕೊಡಿ. ಒಂದನ್ನೇ ಕೊಟ್ಟರೆ ಮಕ್ಕಳು ಅದನ್ನೇ ತೀರ್ಪು ಅಂದುಕೊಳ್ಳುತ್ತಾರೆ, ನನ್ನ ಮೂರನೇ ವರ್ಷ ಹಾಳಾದದ್ದು ಅಲ್ಲೇ.

ಈ ಸಲ, ಬೆಲೆ ಏರಿದರೆ ಬೇಡಿಕೆ ಇಳಿಯಬೇಕು ಅನ್ನುವ ನವಸಂಪ್ರದಾಯ ಗುಂಪು ಪೇಚಿಗೆ ಸಿಕ್ಕಿತು. ಅದರಲ್ಲಿದ್ದ ಹುಡುಗಿ, ಸೆಮಿಸ್ಟರಿನ ಮೊದಲರ್ಧ ಮಾರ್ಕ್ಸ್ ಪರ ವಾದಿಸಿದ್ದವಳು, ಎರಡು ದಿನ ಲೈಬ್ರರಿಯಲ್ಲಿ ಕೂತಳು. ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಬರೆದಿದ್ದ ಮೊನೊಪ್ಸನಿ (ಕೊಳ್ಳುವವನು ಒಬ್ಬನೇ ಇರುವ ಮಾರುಕಟ್ಟೆ) ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿದಳು. ಕೆಲಸ ಕೊಡುವವನು ಒಬ್ಬನೇ ಇದ್ದರೆ ಕೂಲಿ ಏರಿದರೂ ಕೆಲಸ ಇಳಿಯಬೇಕಿಲ್ಲ, ನಮ್ಮ ಪಂಥದೊಳಗೇ ಉತ್ತರ ಇದೆ ಎಂದಳು. ಮೊನೊಪ್ಸನಿ ನಾನು ಪಾಠ ಮಾಡಿರಲೇ ಇಲ್ಲ.