ಕೆನ್ನೆಯ ನೀಲಿ ಮಚ್ಚೆಗೆ ಲೇಸರ್: ನಾನು ಅನುಸರಿಸುವ ಕ್ರಮ

ಕಣ್ಣಿನ ಸುತ್ತ, ಹಣೆ ಮತ್ತು ಕೆನ್ನೆಯ ಮೇಲೆ ಒಂದೇ ಪಕ್ಕಕ್ಕೆ ಬೂದುನೀಲಿ ಬಣ್ಣ ಹರಡಿದ್ದರೆ ಅದು ಹೆಚ್ಚಾಗಿ ‘ನೀವಸ್ ಆಫ್ ಓಟಾ’. ನನ್ನ ಹತ್ತಿರ ಬರುವ ಹೊತ್ತಿಗೆ ಬಹಳ ಮಂದಿ ಅದನ್ನು ಬಂಗು ಅಂದುಕೊಂಡು ವರ್ಷಗಟ್ಟಲೆ ಕ್ರೀಮ್ ಹಚ್ಚಿರುತ್ತಾರೆ. ಬಂಗು ಸಾಮಾನ್ಯವಾಗಿ ಎರಡೂ ಕೆನ್ನೆಗೆ ಬರುತ್ತದೆ, ಕಂದಾಗಿರುತ್ತದೆ. ಇಲ್ಲಿ ಬಣ್ಣದ ಕಣಗಳು ಚರ್ಮದ ಒಳಪದರದಲ್ಲಿವೆ. ಕಪ್ಪು ಬಣ್ಣ ನೀಲಿಯಾಗಿ ಕಾಣುವುದೂ ಅದಕ್ಕೇ, ಕ್ರೀಮು ಪೀಲಿಂಗ್ ಯಾವುದೂ ನಾಟದಿರುವುದೂ ಅದಕ್ಕೇ.

ರೆಪ್ಪೆ ಸರಿಸಿ ಕಣ್ಣಿನ ಬಿಳಿಭಾಗ ನೋಡುತ್ತೇನೆ. ಅಲ್ಲೂ ಬೂದು ಕಲೆ ಇದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಒತ್ತಡ ಪರೀಕ್ಷೆಗೆ ಕಳಿಸುತ್ತೇನೆ. ಇಂಥವರಲ್ಲಿ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಕೆಡಿಸುವ ಕಾಯಿಲೆಯ ಸಾಧ್ಯತೆ ಹೆಚ್ಚು. ತಾಯಿ ಜೊತೆಗೆ ಬಂದಿದ್ದರೆ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಬಾಯಿಬಿಟ್ಟೇ ಹೇಳುತ್ತೇನೆ. ಕೇಳದಿದ್ದರೂ ಆ ಪ್ರಶ್ನೆ ಅವರ ಮನಸ್ಸಿನಲ್ಲಿರುತ್ತದೆ.

ನಾನು ಬಳಸುವುದು ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಎಂಬ ಲೇಸರ್, ಬೆಳಕಿನ ತರಂಗಾಂತರ 1064 ನ್ಯಾನೋಮೀಟರ್. ಅದು ಆಳಕ್ಕೆ ಇಳಿಯುತ್ತದೆ, ನಮ್ಮಂಥ ಮೈಬಣ್ಣದ ಮೇಲ್ಚರ್ಮವನ್ನು ಅಷ್ಟಾಗಿ ಸುಡುವುದಿಲ್ಲ. ಮೊದಲು ಕಿವಿಯ ಪಕ್ಕ ಚಿಕ್ಕ ಜಾಗದಲ್ಲಿ ಟೆಸ್ಟ್ ಪ್ಯಾಚ್. ಆರು ವಾರ ಬಿಟ್ಟು ನೋಡಿ ಮುಂದಿನ ಮಾತು. ಸಿಟ್ಟಿಂಗ್ ದಿನ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಸುಮಾರು ಒಂದು ಗಂಟೆ ಬಿಡುತ್ತೇನೆ. ರೆಪ್ಪೆಯ ಮೇಲೇ ಹೊಡೆಯುವುದಾದರೆ ಹೊರಗಿನ ಕನ್ನಡಕ ಸಾಲದು: ಕಣ್ಣಿಗೆ ಅರಿವಳಿಕೆ ಹನಿ ಹಾಕಿ, ರೆಪ್ಪೆಯೊಳಗೆ ಲೋಹದ ಶೀಲ್ಡ್ ಇಡಲೇಬೇಕು.

ಲೇಸರ್ ಬೀಳುವ ಚುಕ್ಕಿ (ಸ್ಪಾಟ್) 4 ಮಿ.ಮೀ. ಅಗಲ, ಶಕ್ತಿ ಚದರ ಸೆಂಟಿಮೀಟರಿಗೆ 5–6 ಜೂಲ್‌ನಿಂದ ಶುರು. ಟಪ್ ಅಂದ ಕೂಡಲೇ ಆ ಜಾಗ ಬೆಳ್ಳಗಾಗಿ, ಕೆಲವು ನಿಮಿಷದಲ್ಲಿ ಬಿಳುಪು ಇಳಿದು ಸುತ್ತ ಕೆಂಪಾಗಬೇಕು. ರಕ್ತದ ಚುಕ್ಕಿ ಕಂಡರೆ ಶಕ್ತಿ ಜಾಸ್ತಿಯಾಯಿತು, ಇಳಿಸಬೇಕು. ಆಮೇಲೆ ಐಸ್, ಪೆಟ್ರೋಲಿಯಂ ಜೆಲ್ಲಿ. ಹಕ್ಕಳೆ ತಾನಾಗಿ ಉದುರಲಿ, ಕೀಳಬಾರದು.

ಕೆಲಸ ಕೆಡುವುದು ಹೆಚ್ಚಾಗಿ ಅವಸರದಲ್ಲಿ. ಲೇಸರ್ ಒಡೆದ ಬಣ್ಣದ ಕಣಗಳನ್ನು ದೇಹದ ಜೀವಕೋಶಗಳು ನಿಧಾನಕ್ಕೆ ಸಾಗಿಸುತ್ತವೆ. ಸಿಟ್ಟಿಂಗ್ ಇಲ್ಲದ ತಿಂಗಳುಗಳಲ್ಲೂ ಬಣ್ಣ ತಿಳಿಯಾಗುತ್ತಲೇ ಇರುತ್ತದೆ. ಎರಡು ವಾರಕ್ಕೊಮ್ಮೆ ಹೊಡೆದರೆ ಬಿಳಿ ಚುಕ್ಕಿಗಳು ಬೀಳಬಹುದು, ಅವನ್ನು ಸರಿಮಾಡುವುದು ಮೂಲ ಮಚ್ಚೆಗಿಂತ ಕಷ್ಟ. ಹಾಗಾಗಿ ಎರಡರಿಂದ ಮೂರು ತಿಂಗಳ ಅಂತರ. ಲೇಸರ್ ಆದ ಜಾಗ ಕಂದಾದರೆ ಅದು ಪೂರ್ತಿ ಇಳಿಯುವ ತನಕ ಮುಂದೂಡುತ್ತೇನೆ. ಸನ್‌ಸ್ಕ್ರೀನ್ ತಪ್ಪಿಸುವವರಿಗೇ ಇದು ಜಾಸ್ತಿ. ಹಲವು ಸಿಟ್ಟಿಂಗ್ ಬೇಕು, ಅಂದರೆ ಒಂದೆರಡು ವರ್ಷದ ಲೆಕ್ಕ. ಮೊದಲ ಎರಡರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣದಿರಬಹುದು, ಅದಕ್ಕೇ ಪ್ರತಿ ಸಲ ಒಂದೇ ಬೆಳಕಿನಲ್ಲಿ ಫೋಟೋ.

ಮೂರು ತಿಂಗಳಲ್ಲಿ ಮದುವೆ ಅಂದವರಿಗೆ ನಾನು ಲೇಸರ್ ಶುರುಮಾಡುವುದೇ ಇಲ್ಲ. ಕ್ಯಾಮೊಫ್ಲಾಜ್, ಅಂದರೆ ಮೇಕಪ್‌ನಿಂದ ಮಚ್ಚೆ ಮರೆಮಾಡುವುದು ಕಲಿಸುತ್ತೇನೆ: ನೀಲಿಯ ಮೇಲೆ ಕಿತ್ತಳೆ ಛಾಯೆಯ ಕರೆಕ್ಟರ್ ತೆಳ್ಳಗೆ ಒತ್ತಬೇಕು, ಉಜ್ಜಬಾರದು. ಅದರ ಮೇಲೆ ಮೈಬಣ್ಣದ ಫೌಂಡೇಶನ್, ಆಮೇಲೆ ಪೌಡರ್ ಒತ್ತಿ ಹತ್ತು ನಿಮಿಷ ಬಿಟ್ಟು ಬ್ರಷ್‌ನಿಂದ ಝಾಡಿಸಬೇಕು. ಮುಂದೆ ಲೇಸರ್‌ಗೆ ಬರುವ ದಿನ ಮಾತ್ರ ಇದರ ಲವಲೇಶವೂ ಮುಖದ ಮೇಲೆ ಇರಕೂಡದು, ಉಳಿದ ಮೇಕಪ್ ಲೇಸರ್ ಹೀರಿಕೊಂಡು ಮೇಲ್ಚರ್ಮ ಸುಡುತ್ತದೆ.